ಕಟ್ಟೆಯ ಮೇಲೆ ಎರಡು ದಿನ

ಮೆಹೆರಾಜಳ ಸ್ಕೂಟಿಯ ಸದ್ದು ಕೇಳಿದರೆ ಕೆಲವು ಓಣಿಗಳಲ್ಲಿ ಬಸುರಿ ಹೆಂಗಸರನ್ನು ಒಳಗೆ ಕರೆದುಕೊಳ್ಳುತ್ತಾರೆ. ಕೂಗಿ ಕರೆಯುವುದಿಲ್ಲ. ಕೈ ಹಿಡಿದು ಒಳಗೆಳೆದು ಬಾಗಿಲು ಮುಂದೆ ಮಾಡುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಒಂಬತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದ ಹೆಂಗಸಿಗೆ ಇದು ಗೊತ್ತಾಗದೆ ಇರುತ್ತದೆಯೇ? ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಈಗ ಎರಡೂ ಒಟ್ಟಿಗೆ ಬರುತ್ತವೆ, ಹಾಗಾಗಿ ಯಾವುದೂ ಹೊರಗೆ ಕಾಣುವುದಿಲ್ಲ.

ಅವಳ ಕೆಲಸವೇ ಅಂಥದ್ದು. ಬಸುರಿಯರು, ಬಾಣಂತಿಯರು ಏಕೆ ಸಾಯುತ್ತಾರೆಂದು ತಿಳಿಯಲು ಬೆಳಗಾವಿಯ ಡಾಕ್ಟರೊಬ್ಬರು ಸಂಶೋಧನೆ ನಡೆಸಿದ್ದಾರೆ. ಯಾವುದಾದರೂ ಮನೆಯಲ್ಲಿ ಅಂಥ ಸಾವಾದರೆ ತಿಂಗಳೊಳಗೆ ಮೆಹೆರಾಜ ಹನ್ನೊಂದು ಪುಟದ ಫಾರ್ಮು ಹಿಡಿದು ಆ ಮನೆಗೆ ಹೋಗಬೇಕು. ಎಷ್ಟನೇ ತಿಂಗಳು, ಏನು ತಿಂದಳು, ಯಾವಾಗ ತಲೆನೋವೆಂದಳು, ಯಾರು ಗಾಡಿ ತಂದರು, ಎಷ್ಟು ಹೊತ್ತಾಯಿತು. ಹೆತ್ತವರನ್ನು, ಅತ್ತೆಯನ್ನು, ಗಂಡನನ್ನು ಇದನ್ನೆಲ್ಲ ಕೇಳಬೇಕು. ಬೇಡವಾದ ಕೆಲಸ, ಆದರೆ ಅದನ್ನು ಅವಳಷ್ಟು ಚೆನ್ನಾಗಿ ಮಾಡುವವರು ಇಲ್ಲ. ಅವಸರ ಮಾಡುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಅಳುವವರು ಅತ್ತು ಮುಗಿಸುವವರೆಗೆ ಪೆನ್ನು ಕೆಳಗಿಟ್ಟು ಕೂರುತ್ತಾಳೆ. ಕಬ್ಬಿನ ಲಾರಿ ಓಡಿಸುವ ಗಂಡ ರಫೀಕ್ ಮನೆಗೆ ಬಂದಾಗ, ಯಾಕೆ ತಡವಾಯಿತೆಂದು ಅವಳು ಬಾಯಿ ತೆಗೆದರೆ ಸಾಕು, "ಏನರ ಕೇಳು, ಆ ಹನ್ನೊಂದು ಪುಟ ಮಾತ್ರ ನನ್ನ ಮುಂದ ತಗೀಬ್ಯಾಡ" ಎನ್ನುತ್ತಾನೆ.

ಊರವರು ಅವಳಿಗೆ ಸಾವಿನ ಅಕ್ಕೋರು ಎಂದು ಹೆಸರಿಟ್ಟರು. ಸಾವಿನ ನಂತರ ಬರುವವಳು ಎಂಬುದು ಜನರ ಬಾಯಲ್ಲಿ ತಿರುಗಿ ತಿರುಗಿ, ಅವಳು ಬಂದರೆ ಸಾವು ಬರುತ್ತದೆ ಎಂದಾಯಿತು. ಅವಳು ಎದ್ದು ಹೋದ ಮೇಲೆ ಹೊಸ್ತಿಲಿಗೆ ನೀರು ಹಾಕುತ್ತಾರೆ. ಚಹಾ ಕೊಡುವವರಿಲ್ಲ. ಚಹಾ ಕೊಡದಿದ್ದರೂ ನಡೆದೀತು, ಈ ಕಡೆಯ ಜನ ಕುಡಿಯಲು ನೀರು ಬೇಕೇ ಎಂದೂ ಕೇಳುವುದಿಲ್ಲವೆಂದರೆ ಎಷ್ಟು ಹೆದರಿರಬೇಕು ನೋಡಿ.

ಹೋದ ವರ್ಷ ಅವಳು ತುಂಬಿದ ಫಾರ್ಮುಗಳಲ್ಲಿ ನಾಲ್ಕು ಅವಳಿಗೆ ನಿದ್ದೆ ಕೊಡಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಒಬ್ಬಳಿಗೆ ರಕ್ತ ಕಡಿಮೆ, ಇನ್ನೊಬ್ಬಳಿಗೆ ಫಿಟ್ಸು, ಮತ್ತಿಬ್ಬರಿಗೆ ರಕ್ತಸ್ರಾವ ಎಂದಿತ್ತು. ಆದರೆ ನಾಲ್ಕೂ ಮನೆಯವರು ಮಾತಿನ ನಡುವೆ ಒಂದೇ ಸಂಗತಿ ಹೇಳಿದ್ದರು. ಒಂದು ದಿನ ಬಿಟ್ಟು ಒಂದು ದಿನ ಚಳಿ ಬರುತ್ತಿತ್ತು, ಮೂರು ಚಾದರ ಹೊದಿಸಿದರೂ ನಿಲ್ಲುತ್ತಿರಲಿಲ್ಲ. ನಾಲ್ವರೂ ಗಂಡಂದಿರ ಜೊತೆ ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋಗಿ ಬಂದವರು. ಈ ಒಣ ಸೀಮೆಯಲ್ಲಿ ಮಲೇರಿಯಾ ಇದ್ದೀತೆಂದು ಯಾರೂ ರಕ್ತ ನೋಡಿರಲಿಲ್ಲ.

ಬೆಳಗಾವಿಯ ಡಾಕ್ಟರು ಫಾರ್ಮುಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದರು. "ಸತ್ತವರ ರಕ್ತ ಪರೀಕ್ಷೆ ಮಾಡಾಕ ಆಗೂದಿಲ್ಲ ಮೆಹೆರಾಜ ಅವರ. ಈ ನಾಕು ಕಾಗದ ನೋಡಿ ಯಾರೂ ನಂಬೂದಿಲ್ಲ. ಜೀವಂತ ಇದ್ದಾಕಿ ಒಬ್ಬಾಕಿನ್ನ ಹುಡುಕ್ರಿ" ಎಂದು ಪರೀಕ್ಷೆಯ ಪಟ್ಟಿಗಳ ಡಬ್ಬಿಯೊಂದನ್ನು ಕೊಟ್ಟು ಕಳಿಸಿದರು. ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದರೆ ಕಾಲು ಗಂಟೆಯಲ್ಲಿ ಗೆರೆ ಮೂಡಿ ಮಲೇರಿಯಾ ಇದೆಯೋ ಇಲ್ಲವೋ ಗೊತ್ತಾಗುವ ಪಟ್ಟಿಗಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಸಾವಿಗಿಂತ ಮುಂಚೆ ಹೋಗುವ ಕೆಲಸ. ಮೆಹೆರಾಜ ಆ ಡಬ್ಬಿಯನ್ನು ಚೀಲದಿಂದ ಕೆಳಗಿಡಲೇ ಇಲ್ಲ.

ಆಗಸ್ಟಿನಲ್ಲಿ ರಾಮದುರ್ಗ ತಾಲೂಕಿನ ಒಂದು ಹಳ್ಳಿಯಿಂದ ಆಶಾ ಕಾರ್ಯಕರ್ತೆ ಉಮಾಶ್ರೀ ಫೋನು ಮಾಡಿದಳು. ಐಶ್ವರ್ಯಾ ಎಂಬ ಹುಡುಗಿ, ಏಳು ತಿಂಗಳ ಬಸುರಿ. ಗಂಡ ಆಕಾಶ ಗೋಡೆ ಕಟ್ಟುವ ಗೌಂಡಿ, ಇಬ್ಬರೂ ಮಂಗಳೂರಿನಿಂದ ಬಂದು ಮೂರು ವಾರವಾಗಿದೆ. ದಿನ ಬಿಟ್ಟು ದಿನ ನಡುಕ. ಊರ ಡಾಕ್ಟರು ಸೂಜಿ ಚುಚ್ಚಿ ಕಳಿಸುತ್ತಿದ್ದಾರೆ.

ಮೆಹೆರಾಜ ಹೋಗಿ ನೋಡಿದರೆ ಪರಿಚಯದ ಓಣಿ. ಎರಡು ವರ್ಷದ ಹಿಂದೆ ಅದರ ತುದಿಯ ಮನೆಯಲ್ಲಿ ಕೂತು ಹನ್ನೊಂದು ಪುಟ ತುಂಬಿದ್ದಳು. ಓಣಿಗೂ ಅವಳ ನೆನಪಿತ್ತು. ಐಶ್ವರ್ಯಾಳ ಅತ್ತೆ ಸಿದ್ದಲಿಂಗವ್ವ ಬಾಗಿಲಿಗೆ ಅಡ್ಡ ನಿಂತಳು.

"ನಮ್ಮ ಮನ್ಯಾಗ ಯಾರೂ ಸತ್ತಿಲ್ಲರಿ. ನೀವು ಯಾಕ ಬಂದ್ರಿ?"

"ಸಾಯಬಾರದಂತ ಬಂದೇನಿ ಯವ್ವಾ" ಎಂದಳು ಮೆಹೆರಾಜ. ಆಡಬಾರದ ಮಾತು ಆಡಿದೆನೆಂದು ಅವಳಿಗೆ ತಕ್ಷಣ ತಿಳಿಯಿತು. ಸಿದ್ದಲಿಂಗವ್ವನ ಮುಖ ಬಿಳಚಿಕೊಂಡಿತು. ಉಮಾಶ್ರೀಯ ಕಡೆ ತಿರುಗಿ, "ಈಕಿನ್ನ ಕರಕೊಂಡ ಬಂದಿಯಲ್ಲ, ನೀನೂ ಇನ್ನ ನಮ್ಮ ಬಾಗಲಾ ತುಳೀಬ್ಯಾಡ" ಎಂದು ಅಗುಳಿ ಹಾಕಿಕೊಂಡಳು. ಒಳಗಿಂದ ಹಲ್ಲು ಕಟಕಟ ಕಡಿಯುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಅದು ಚಳಿಯ ದಿನ.

ಬೇರೆ ಯಾರೇ ಆಗಿದ್ದರೂ ಅರ್ಜಿ ಬರೆದು, ಮೇಲಿನವರಿಗೆ ತಿಳಿಸಿ, ಮನೆಗೆ ಹೋಗುತ್ತಿದ್ದರು. ಮೆಹೆರಾಜಳಿಗೆ ಹಟ ಬಂತು. ಒಂಬತ್ತು ವರ್ಷ ಮುಚ್ಚಿದ ಬಾಗಿಲುಗಳನ್ನು ನೋಡಿ ನೋಡಿ ಒಳಗೆ ಕುದಿದದ್ದೆಲ್ಲ ಅಂದು ಮೇಲೆ ಬಂತು. ಎದುರಿಗೆ ಬೇವಿನ ಮರಕ್ಕೊಂದು ಕಲ್ಲಿನ ಕಟ್ಟೆ. ಚೀಲ ಪಕ್ಕಕ್ಕಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಆ ಬಾಗಿಲಿಗೆ ಮುಖ ಮಾಡಿ ಕೂತುಬಿಟ್ಟಳು.

ಹತ್ತು ನಿಮಿಷದಲ್ಲಿ ಓಣಿ ಖಾಲಿಯಾಯಿತು. ನಳದ ಹತ್ತಿರ ಕೊಡ ಹಚ್ಚಿದ್ದವರು ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದರು. ಆಡುತ್ತಿದ್ದ ಮಕ್ಕಳನ್ನು ಯಾರೋ ಬೇರೆ ಓಣಿಗೆ ಅಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಯಾವುದೋ ಮನೆಯಲ್ಲಿ ಮೆಣಸಿನಕಾಯಿ ಸುಟ್ಟ ಘಾಟು ಬಂದು ಅವಳಿಗೆ ಕೆಮ್ಮು ಹತ್ತಿತು. ಸಂಜೆಯವರೆಗೆ ಕೂತಳು. ಎದ್ದು ಹೋಗುವ ಮೊದಲು ಮುಚ್ಚಿದ ಬಾಗಿಲಿಗೆ ಹೇಳಿದಳು, "ನಾಳೆ ಬರತೇನ್ರಿ."

ಮರುದಿನ ಎಂಟು ಗಂಟೆಗೇ ಬಂದು ಕೂತಳು. ಅಂದು ಐಶ್ವರ್ಯಾಳಿಗೆ ಚಳಿಯಿಲ್ಲದ ದಿನ, ಮನೆ ಸುಮ್ಮನಿತ್ತು. ನಾಳೆ ಮತ್ತೆ ಬರುತ್ತದೆ, ಇನ್ನೂ ಎಷ್ಟು ಸಲ ತಡೆದೀತು ಆ ಜೀವ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಮಧ್ಯಾಹ್ನ ಸಿದ್ದಲಿಂಗವ್ವ ಹೊರಗೆ ಬಂದಳು. ರಾತ್ರಿಯಿಡೀ ಅತ್ತ ಕಣ್ಣು.

"ನಿಮ್ಮ ಕಾಲಿಗೆ ಬೀಳತೇನಿ ಅಕ್ಕಾರ, ಎದ್ದು ಹೋಗ್ರಿ. ನಮಗಿರೂದು ಒಂದ ಸೊಸಿ."

ಮೆಹೆರಾಜ ಬಿಡಲಿಲ್ಲ. "ಆಕಿ ಬೆರಳಿಂದ ಒಂದ ಹನಿ ರಕ್ತಾ ಕೊಡ್ರಿ, ಹೋಗತೇನಿ. ಇಲ್ಲಾಂದ್ರ ನಾಳೆನೂ ಬರತೇನಿ, ನಾಡದನೂ ಬರತೇನಿ. ಇಲ್ಲೇ ಕುಂತಿರತೇನಿ."

ಜನ ಹೆದರುವುದನ್ನೇ ಹೆದರಿಸಲು ಬಳಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ತಪ್ಪೆಂದೂ ಗೊತ್ತಿತ್ತು. ಸಿದ್ದಲಿಂಗವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಕಾಲು ಗಂಟೆಯಲ್ಲಿ ಪಟ್ಟಿಯ ಮೇಲೆ ಮಲೇರಿಯಾದ ಗೆರೆ ಮೂಡಿತು. ಆ ಸಂಜೆಯೇ ಐಶ್ವರ್ಯಾ ರಾಮದುರ್ಗದ ಆಸ್ಪತ್ರೆಯಲ್ಲಿದ್ದಳು. ಐದನೆಯ ದಿನ ಅವಳೇ ಫೋನು ಮಾಡಿ, "ಅಕ್ಕಾರ, ಇವತ್ತ ಚಳಿ ಬರಲಿಲ್ಲರಿ" ಎಂದಾಗ ಮೆಹೆರಾಜ ಯರಗಟ್ಟಿಯ ಹೋಟೆಲಿನಲ್ಲಿ ಚುರುಮುರಿ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತಿದ್ದಳು. ಕಣ್ಣಲ್ಲಿ ಬಂದ ನೀರು ಮಿರ್ಚಿಯದೆಂದು ಮಾಣಿ ಓಡಿಹೋಗಿ ನೀರು ತಂದಿಟ್ಟ. ಆರೋಗ್ಯ ಇಲಾಖೆಯವರು ಓಣಿಯ ಮನೆಗಳಲ್ಲಿ ಅಂದು ಇದ್ದವರೆಲ್ಲರ ರಕ್ತ ನೋಡಿದರು. ಬೇರೆ ಯಾರಿಗೂ ಇರಲಿಲ್ಲ. ಡಾಕ್ಟರು ಇನ್ನು ಎಲ್ಲರೂ ನಂಬುತ್ತಾರೆ ಎಂದರು. ಅವಳು ಆ ಕೆಲವು ವಾರ ನಿಜವಾಗಿ ಸುಖವಾಗಿದ್ದಳು, ಹೆಮ್ಮೆಯನ್ನೂ ಪಟ್ಟಳು.

ಸೆಪ್ಟೆಂಬರಿನ ಕೊನೆಗೆ ಫೋನಿಗೆ ಹೊಸ ವಿಳಾಸ ಬಂತು. ಸಂಪಗಾಂವದ ಆಚೆ ಒಂದು ಹೊಲದ ಮನೆ. ಫಿರದೋಸ್, ವಯಸ್ಸು ಇಪ್ಪತ್ತು, ಐದನೇ ತಿಂಗಳು.

ಹತ್ತಿಯ ಹೊಲದ ನಡುವೆ ತಗಡಿನ ಮನೆ. ಸತ್ತವಳ ಅತ್ತೆ ಗೌಸಬಿ ಚಾಪೆ ಹಾಸಿದಳು, ಲೋಟದಲ್ಲಿ ನೀರನ್ನೂ ತಂದುಕೊಟ್ಟಳು. ಮೆಹೆರಾಜಳಿಗೆ ಅದೇ ದೊಡ್ಡ ಸಂಗತಿ. ಇಬ್ಬರದೂ ಮನೆಮಾತು ಉರ್ದು, ಆದರೆ ಫಾರ್ಮು ಕನ್ನಡದ್ದಾದ್ದರಿಂದ ಮಾತೂ ಕನ್ನಡದಲ್ಲೇ ನಡೆಯಿತು, ಚಿಕ್ಕಮ್ಮ ಎನ್ನುವ ಖಾಲಾ ಮಾತ್ರ ಉರ್ದುವಿನದು.

"ಏನ್ ಕೆಲಸಾ ಮಾಡತಿದ್ರು ಖಾಲಾ, ಮಗಾ ಸೊಸಿ?"

"ಮಂಗಳೂರಾಗ ಇದ್ರು. ಮಗಾ ಜಹೀರ ಸೆಂಟ್ರಿಂಗ್ ಮಾಡತಾನ. ಆಕಾಶನ ಜೋಡಿ ಒಂದ ಟೆಂಪೋದಾಗ ಊರಿಗೆ ಬಂದ್ರು."

ಪೆನ್ನು ನಿಂತಿತು. "ಯಾವ ಆಕಾಶ?"

"ಸಿದ್ದಲಿಂಗವ್ವನ ಮಗಾ. ಅವರ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ಇದು ನಮ್ಮ ಅಕ್ಕನ ಹೊಲಾ."

ಇರುವ ಊರು ಬಿಟ್ಟು ಬೇರೆಡೆ ಬಂದಿದ್ದರೆ ಕಾರಣವೇನು ಎಂದು ನಾಲ್ಕನೇ ಪುಟದಲ್ಲಿ ಒಂದು ಪ್ರಶ್ನೆಯಿದೆ. ಕೇಳದೆ ಮುಂದಿನ ಪುಟಕ್ಕೆ ಹೋಗಲಾಗುವುದಿಲ್ಲ. ಕೇಳಿದಳು.

"ನೀವು ಕಟ್ಟಿ ಮ್ಯಾಲೆ ಬಂದು ಕುಂತಿದ್ರಲ್ಲ" ಎಂದಳು ಗೌಸಬಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಆಕೀಗೆ ನಾಕ ತಿಂಗಳಾಗಿತ್ತು. ಐದ ತುಂಬೂತನಕ ಯಾರಿಗೂ ಹೇಳಬಾರದಂತ ಸುಮ್ನಿದ್ವಿ. ನಿಮ್ಮ ಕಣ್ಣಿಗೆ ಬೀಳಬಾರದಂತ ಎರಡನೇ ದಿನಾ ಮೊದಲನೇ ಬಸ್ಸಿಗೆ ಇಲ್ಲಿಗೆ ಕಳಿಸಿದ್ವಿ."

"ಚಳಿ ಬರತಿತ್ತೇನು?"

"ಇಲ್ಲಿ ಬಂದ ಎರಡ ದಿನಕ್ಕ ಸುರು ಆತು. ಇಲ್ಲಿನ ಆಶಾ ಕಾರ್ಯಕರ್ತಿ ಬಂದಾಗ ಹೇಳಲಿಲ್ಲ. ಹೇಳಿದ್ರ ಆಕಿ ನಿಮಗ ಹೇಳತಾಳ, ನೀವು ಇಲ್ಲಿಗೂ ಬರತೀರಿ ಅಂತ. ಕಡೀಕ ಜ್ವರಾ ತಲಿಗೇರಿ ಮಾತ ನಿಂತವು."

ಮೆಹೆರಾಜ ಊರು ಬಿಟ್ಟ ಕಾರಣದ ಖಾನೆಯಲ್ಲಿ, ಸಂದರ್ಶಕಿಗೆ ಹೆದರಿ, ಎಂದು ಬರೆದಳು. ಅಕ್ಷರಗಳು ಸೊಟ್ಟಗೆ ಬಂದವು. ಗೌಸಬಿ ಅವಳ ಮೊಣಕೈ ಹಿಡಿದುಕೊಂಡಳು.

"ನಾವ ತಡಾ ಮಾಡಿದ್ವೇನ್ರಿ ಅಕ್ಕಾರ? ಮೊದಲನೇ ದಿನಾನ ಕಳಸಬೇಕಿತ್ತೇನು?"

"ಇಲ್ಲ ಖಾಲಾ" ಎಂದಳು ಮೆಹೆರಾಜ. ಸಾವಿನ ಮನೆಯಲ್ಲಿ ಅವಳು ಅತ್ತದ್ದು ಅದೇ ಮೊದಲು. "ನನ್ನ ಕಣ್ಣಿನಿಂದ ಏನೂ ಆಗಲಿಲ್ಲ. ಆಕೀಗೆ ಮಲೇರಿಯಾ ಇತ್ತು. ಅದನ್ನ ನೋಡೂ ಪಟ್ಟಿ ಅವತ್ತ ನನ್ನ ಚೀಲದಾಗ ಇದ್ವು. ಗೊತ್ತಾಗಿದ್ರ ಔಷಧ ಸಿಗತಿತ್ತು."

ಗೌಸಬಿ ಅದನ್ನು ನಂಬಿದಳು. ನಂಬಿದ ಮೇಲೆ ಕೇಳಿದಳು, "ಎರಡ ದಿನಾ ನಮ್ಮ ಓಣ್ಯಾಗನ ಕುಂತಿದ್ರಿ. ಮತ್ತ ನಮ್ಮ ಮನಿಗ್ಯಾಕ ಬರಲಿಲ್ಲ?"

ಫಿರದೋಸ್ ಬಸುರಿಯೆಂದು ತನಗೆ ಯಾರೂ ಹೇಳಿರಲಿಲ್ಲ ಎಂಬ ಉತ್ತರ ಇತ್ತು. ಅದು ಸಾಲದೆಂದು ಮೆಹೆರಾಜಳಿಗೇ ಗೊತ್ತಿತ್ತು. ಸತ್ತವರ ಮನೆಯಲ್ಲಿ ಹನ್ನೊಂದು ಪುಟ ಪ್ರಶ್ನೆ ಕೇಳುವವಳು, ಆಕಾಶನ ಜೊತೆ ಮಂಗಳೂರಿನಿಂದ ಇನ್ನೂ ಯಾರು ಯಾರು ಬಂದರು ಎಂದು ಆ ಎರಡು ದಿನದಲ್ಲಿ ಒಮ್ಮೆಯೂ ಕೇಳಿರಲಿಲ್ಲ.