ಶೈಲಾಳ ಮೂವತ್ತಾರು ತಿಂಗಳು

ಫಾರಂ ತುಂಬುವುದರಲ್ಲಿ ಅಮೆರಿಕದ ನಮ್ಮೂರು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ವೀಸಾ, ಗ್ರೀನ್ ಕಾರ್ಡ್, ಪೌರತ್ವ, ಎಲ್ಲವೂ ನನ್ನ ಕೈಯಿಂದಲೇ ದಾಟಿದವು. ಆ ಜಂಬ ಇಳಿದದ್ದು ಹೆಂಡತಿ ಶೈಲಾಳ ಸೈನ್ಯದ ಫಾರಂ ಮುಂದೆ.

ಶೈಲಾ ಅಮೆರಿಕದ ಸೈನ್ಯದಲ್ಲಿ ಹನ್ನೆರಡು ವರ್ಷ ಗಾಯಾಳುಗಳ ಆರೈಕೆ ಮಾಡಿದವಳು. ಈಚೆಗೆ ಮೀಸಲು ಪಡೆಯಲ್ಲಿದ್ದಳು, ತಿಂಗಳಿಗೊಂದು ವಾರಾಂತ್ಯದ ಕೆಲಸ. ಅಂಥವರಿಗೆ ಸರ್ಕಾರ ತನ್ನ ಖರ್ಚಿನಲ್ಲಿ ಮೂವತ್ತಾರು ತಿಂಗಳು ಕಾಲೇಜು ಓದಿಸುತ್ತದೆ. ತಾವು ಓದದಿದ್ದರೆ ಅದನ್ನು ಮನೆಯವರಿಗೆ ವರ್ಗಾಯಿಸಬಹುದು, ಆದರೆ ಸೈನ್ಯದಲ್ಲಿ ಇರುವಾಗಲೇ. ಅವಳು ಬಿಡಲು ಎರಡೇ ತಿಂಗಳು ಉಳಿದಿತ್ತು. ಮಗಳು ಅನಘಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಅದನ್ನು ಅವಳ ಹೆಸರಿಗೆ ಮಾಡಿಸಲು ನಾನು ಟೊಂಕ ಕಟ್ಟಿದೆ.

ವೆಬ್‌ಸೈಟ್ ನನ್ನನ್ನು ಹತ್ತು ನಿಮಿಷಕ್ಕೊಮ್ಮೆ ಹೊರಗೆ ದಬ್ಬುತ್ತಿತ್ತು. ಫೋನಿನಲ್ಲಿ ಕಾಯಿಸುತ್ತಾ ಅರ್ಧ ದಿನ ಪಿಯಾನೋ ಕೇಳಿಸಿ, ಕೊನೆಗೆ ಒಬ್ಬಾತ, ಸೈನಿಕರು ನೀವೇನಾ ಎಂದು ಕೇಳಿದ. ಗಂಡ ಎಂದೆ. ಹಾಗಾದರೆ ಮಾತಾಡುವಂತಿಲ್ಲ ಎಂದು ಇಟ್ಟುಬಿಟ್ಟ. ಇದು ನಾಲ್ಕು ಸಲ ನಡೆಯಿತು.

ಕೊನೆಗೂ ಒಂದು ಶನಿವಾರ ಎಲ್ಲ ತುಂಬಿ, ಊಟಕ್ಕೆ ಕೂತಾಗ ಶೈಲಾಳ ಮುಂದಿಟ್ಟೆ. "ಇಲ್ಲೊಂದು ಸೈನ್ ಹಾಕ್ಬಿಡು, ಮುಗೀತು."

ಅವಳು ನಿಧಾನವಾಗಿ ಓದಿದಳು. "ಸೈನ್ ಹಾಕಿದ್ರೆ ನಾನು ಇನ್ನೂ ನಾಲ್ಕು ವರ್ಷ ಸೈನ್ಯದಲ್ಲಿ ಸರ್ವ್ ಮಾಡ್ಬೇಕು. ಓದಿದ್ರಾ?"

ಓದಿರಲಿಲ್ಲ. "ತಿಂಗಳಿಗೊಂದು ವೀಕೆಂಡ್ ತಾನೆ?" ಎಂದೆ.

"ಮತ್ತೆ ಎಲ್ಲಿಗಾದ್ರೂ ಕಳಿಸಿದ್ರೆ?"

ಹಿಂದೊಮ್ಮೆ ಕಳಿಸಿದಾಗ ಹನ್ನೊಂದು ತಿಂಗಳು ಅನಘಾಳಿಗೆ ಜಡೆ ಹಾಕಿದವನು ನಾನೇ. ಬೈತಲೆ ಒಂದು ದಿನವೂ ನೆಟ್ಟಗಿರಲಿಲ್ಲ. ಮಗು ದಿನಾ ಅಮ್ಮ ಬರುವ ದಿನ ಕೇಳುತ್ತಿತ್ತು.

ಅನಘಾ ತಟ್ಟೆಯಿಂದ ತಲೆಯೆತ್ತಿದಳು. "ಡ್ಯಾಡ್, ಅಮ್ಮ ವಾಂಟ್ಸ್ ಟು ಡೂ ನರ್ಸಿಂಗ್. ಡಿಡ್ ಯೂ ಈವನ್ ಆಸ್ಕ್ ಹರ್?"

"ನನಗೆ ಹೇಳ್ಲೇ ಇಲ್ವಲ್ಲ?" ಎಂದೆ ಶೈಲಾಳಿಗೆ.

"ಹೇಳ್ದೆ. ನೀವು ಫೋನ್ ಹಿಡ್ಕೊಂಡು ಹೋಲ್ಡ್‌ನಲ್ಲಿದ್ರಿ. ಕೈ ಅಡ್ಡ ಮಾಡಿ ಸುಮ್ನಿರು ಅಂದ್ರಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತೀರ್ಮಾನಿಸುವಷ್ಟರಲ್ಲಿ ಅನ್ನ ತಣ್ಣಗಾಗಿತ್ತು. ಅವಳು ದುಡಿದು ಗಳಿಸಿದ್ದನ್ನು ಯಾರಿಗೆ ಕೊಡುವುದೆಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವನಿಗೆ, ಅದು ಅವಳಿಗೇ ಬೇಕಾಗಬಹುದೆಂದು ಹೊಳೆದೇ ಇರಲಿಲ್ಲ.

ಶೈಲಾ ಸಹಿ ಹಾಕಲಿಲ್ಲ. ಸೈನ್ಯ ಬಿಟ್ಟು ನಲವತ್ತಾರನೆಯ ವಯಸ್ಸಿನಲ್ಲಿ, ಆ ಮೂವತ್ತಾರು ತಿಂಗಳನ್ನು ತಾನೇ ಬಳಸಿ ನರ್ಸಿಂಗ್ ಸೇರಿದಳು. ಅನಘಾ ಅದೇ ಕಾಲೇಜಿಗೆ ಬೇರೆ ದಾರಿ ಹಿಡಿದು ಸೇರಿದಳು. ಅರ್ಧ ಸ್ಕಾಲರ್‌ಶಿಪ್, ಅರ್ಧ ಲೈಬ್ರರಿಯಲ್ಲಿ ಕೆಲಸ. ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಹೊರಡುತ್ತಾರೆ. ನಾನು ಎರಡು ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ.

"ಹೋಮ್‌ವರ್ಕ್ ಆಯ್ತಾ?" ಎಂದು ನಿನ್ನೆ ಶೈಲಾಳನ್ನು ಕೇಳಿದೆ.

"ಡನ್, ಐ ಗಾಟ್ ಇಟ್," ಎಂದು ಹೇಳಿ ಕಾರು ಹತ್ತಿದಳು. ಮನೆಯಲ್ಲಿ ಈಗ ಇಬ್ಬರೂ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ. ಕೇಳಬೇಕಾದಾಗ ಕೇಳದವನಿಗೆ ಅಷ್ಟು ಉತ್ತರ ಸಿಕ್ಕಿದ್ದೇ ಹೆಚ್ಚು.