ಬೀಡಿಂಗ್ ಬದಲಿಸಿದ ಭಾನುವಾರ

ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದಿದ್ದೇನೆ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯವನು ಅದನ್ನು ಚೀಲದಿಂದ ತೆಗೆದು ಬೆರಳಿಗೆ ತೂಗುಹಾಕಿಕೊಂಡು, "ಒರಿಜಿನಲ್ ಆಂಟಿ, ಎರಡು ವರ್ಷ ಮುಟ್ಟಂಗಿಲ್ಲ" ಎಂದ. ನಾನು ಆಂಟಿ ಎನ್ನಿಸಿಕೊಳ್ಳುವ ವಯಸ್ಸನ್ನು ದಾಟಿ ಬಹಳ ಕಾಲವಾಯಿತು. ಆ ಒಂದು ಮಾತಿಗೆ ಖುಷಿಯಾಗಿ ಚೌಕಾಸಿ ಮಾಡದೆ ಬಂದೆ. ಮನೆಗೆ ಬಂದು, ಮುಚ್ಚಳದೊಳಗೆ ಕೂರಿಸುವ ಮುನ್ನ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನು ಮೂಸಿದೆ. ಹೊಸ ರಬ್ಬರಿನ ವಾಸನೆ ಮೂಸಿ ಸುಖಪಡುವಂಥದ್ದಲ್ಲ, ಗೊತ್ತು. ಬೇರೆ ಹೆಂಗಸರಿಗೆ ಮಲ್ಲಿಗೆಯ ವಾಸನೆ ಬಂದರೆ ಮದುವೆಯಾದ ಹೊಸತು ನೆನಪಾಗುತ್ತದಂತೆ. ನನಗೆ ರಬ್ಬರಿನ ವಾಸನೆಗೆ ನೆನಪಾಗುತ್ತದೆ, ಏನು ಮಾಡುವುದು ಹೇಳಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಮೈಸೂರಿನವಳು. ಮದುವೆಯಾಗಿ ಬಂದದ್ದು ಯಡಿಯೂರು ಕೆರೆಗೆ ಹತ್ತಿರದ ಒಂದು ಮನೆಗೆ. ಮಾವ, ಅತ್ತೆ, ಇವರು, ನಾನು, ಒಟ್ಟು ನಾಲ್ಕೇ ಜನ. ನಾಲ್ಕು ಜನರ ಮನೆಯಲ್ಲಿ ಇಬ್ಬರು ಮಾತಾಡಿಕೊಳ್ಳುವುದು ಸುಲಭ ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಕೋಣೆಗೂ ಅತ್ತೆ ಮಾವನ ಕೋಣೆಗೂ ನಡುವಿನ ಗೋಡೆಯಲ್ಲಿ, ಸೂರಿನ ಹತ್ತಿರ, ಗಾಳಿಯಾಡಲಿ ಎಂದು ಒಂದು ಜಾಲರಿ ಬಿಟ್ಟಿದ್ದರು. ಮಾವ ಆ ಕಡೆ ಕೆಮ್ಮಿದರೆ ನಮ್ಮ ಮಂಚದ ಮೇಲೇ ಕೆಮ್ಮಿದಂತಾಗುತ್ತಿತ್ತು. ಆಮೇಲೆ ಇನ್ನೇನು ಮಾತು. ವಾರವೆಲ್ಲ ಇವರು ಬೆಳಗಾಗುವುದರೊಳಗೆ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದರು. ಭಾನುವಾರ ಬಂದರೆ ಕಾರಿನ ಕೆಳಗೆ ತೂರಿಕೊಳ್ಳುತ್ತಿದ್ದರು. "ಕಾರ್ ಕೆಳಗಿದಾನೆ ನೋಡು, ಕಾಫಿ ಕೊಟ್ ಬಾ" ಎಂದು ಅತ್ತೆ ಕಳಿಸಿದಾಗ ನಾನು ಹೋಗಿ ಹೊರಗೆ ಚಾಚಿದ್ದ ಎರಡು ಕಾಲುಗಳ ಪಕ್ಕ ಲೋಟ ಇಟ್ಟು ಬರುತ್ತಿದ್ದೆ. ಮೊದಲ ಮೂರು ತಿಂಗಳಲ್ಲಿ ನನಗೆ ಚೆನ್ನಾಗಿ ಪರಿಚಯವಾಗಿದ್ದು ಇವರ ಪಾದಗಳು.

ಕಾರು ಯಾವ ಕಂಪನಿಯದೆಂದು ಹೇಳುವುದಿಲ್ಲ. ಅದರ ಅಭಿಮಾನಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ, ಜಗಳಕ್ಕೆ ಬರುತ್ತಾರೆ. ಇಂಗ್ಲೆಂಡಿನಿಂದ ಬಂದ, ದುಂಡು ಮುಖದ ಸಣ್ಣ ಕಾರು. ಕಾರ್ಖಾನೆಯ ಹಿರಿಯರೊಬ್ಬರ ಹಿತ್ತಲಿನಲ್ಲಿ ಹೊಂಗೆ ಮರದ ಕೆಳಗೆ ವರ್ಷಗಟ್ಟಲೆ ಬಿದ್ದಿತ್ತಂತೆ. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಮೊಟ್ಟೆಯಿಡುತ್ತಿತ್ತಂತೆ. ಇವರು ಅದನ್ನು ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದು, ನಾಲ್ಕು ವರ್ಷ ಒಂದೊಂದೇ ಭಾನುವಾರ ರಿಪೇರಿ ಮಾಡಿ, ನಾನು ಬರುವ ಹೊತ್ತಿಗೆ ಓಡುವ ಸ್ಥಿತಿಗೆ ತಂದಿದ್ದರು. ಮಾವನಿಗೆ ಮಾತ್ರ ಅದರಲ್ಲಿ ನಂಬಿಕೆಯಿರಲಿಲ್ಲ. ನಿವೃತ್ತ ಮೇಷ್ಟ್ರು ಅವರು, ಯಾವುದನ್ನೂ ಪರೀಕ್ಷೆ ಮಾಡದೆ ಪಾಸು ಮಾಡಿದವರಲ್ಲ.

ಪರೀಕ್ಷೆ ಒಂದು ಸಂಜೆ ಬನಶಂಕರಿ ಗುಡಿಯ ದಾರಿಯಲ್ಲಿ ನಡೆಯಿತು. ಮುಂದೆ ಇವರ ಪಕ್ಕ ಮಾವ, ಹಿಂದೆ ಅತ್ತೆ ಮತ್ತು ನಾನು. ಅರ್ಧ ದಾರಿಯಲ್ಲಿ ಮಳೆ ಬಂತು. ಮುಂದಿನ ಗಾಜಿನ ಸುತ್ತ ಇದ್ದ ರಬ್ಬರ್ ಬೀಡಿಂಗ್ ಒಣಗಿ ಒಡೆದುಹೋಗಿತ್ತು, ಅದು ಇವರಿಗೂ ಗೊತ್ತಿರಲಿಲ್ಲ. ಗಾಜಿನ ಅಂಚಿನಿಂದ ನೀರು ಸಣ್ಣ ಧಾರೆಯಾಗಿ ಇಳಿದು ನೇರವಾಗಿ ಮಾವನ ಮಡಿ ಪಂಚೆಯ ಮೇಲೆ ಬಿತ್ತು. ಮಾವ ಅಲುಗಾಡಲಿಲ್ಲ. ಗುಡಿಯ ಮುಂದೆ ಇಳಿದು, "ಅಮ್ಮನಿಗಿಂತ ಮುಂಚೆ ನನಗೇ ಅಭಿಷೇಕ ಆಯ್ತು" ಎಂದರು. ರಾತ್ರಿ ಊಟಕ್ಕೆ ಕೂತಾಗ ತೀರ್ಪು ಹೊರಬಿತ್ತು. "ಮೊದಲನೇ ದೀಪಾವಳಿಗೆ ಮೈಸೂರಿಗೆ ಈ ಕಾರಲ್ಲಿ ಹೋಗೋದು ಬೇಡ. ರೈಲಲ್ಲಿ ಹೋಗೋಣ. ನಾವೂ ಬರ್ತೀವಿ, ಬೀಗರನ್ನ ನೋಡಿದ ಹಾಗೂ ಆಗುತ್ತೆ."

ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ನಿಮಗೆ ಹೇಳಲು ನಾಚಿಕೆಯೇನು, ಮೂರು ತಿಂಗಳಿಂದ ನಾನು ಎಣಿಸುತ್ತಿದ್ದದ್ದು ಆ ಪ್ರಯಾಣವನ್ನೇ. ಅಪ್ಪನ ಮನೆಯ ಹಬ್ಬಕ್ಕಿಂತ ಹೆಚ್ಚಾಗಿ, ಮೈಸೂರಿನವರೆಗಿನ ನಾಲ್ಕು ಗಂಟೆಗಳನ್ನು. ಒಂದು ಕಾರು, ಒಳಗೆ ಇಬ್ಬರೇ, ಜಾಲರಿ ಇಲ್ಲ, ಕೆಮ್ಮು ಇಲ್ಲ. ನಾನು ಮದುವೆಯಾದ ಮನುಷ್ಯ ಯಾರೆಂದು ಆ ನಾಲ್ಕು ಗಂಟೆಗಳಲ್ಲಿ ತಿಳಿದುಕೊಳ್ಳಬೇಕೆಂದು ಲೆಕ್ಕ ಹಾಕಿದ್ದೆ. ಇವರು ತಲೆ ತಗ್ಗಿಸಿಕೊಂಡೇ, "ಭಾನುವಾರ ಬೀಡಿಂಗ್ ಬದಲಾಯಿಸ್ತೀನಪ್ಪ. ಒಂದ್ ಹನಿ ಒಳಗ್ ಬಂದ್ರೆ ರೈಲಲ್ಲೇ ಹೋಗೋಣ" ಎಂದರು. ನನ್ನ ಕಡೆ ಒಂದು ಸಲ ನೋಡಿದರು. ಲೆಕ್ಕ ಹಾಕುತ್ತಿದ್ದವಳು ನಾನೊಬ್ಬಳೇ ಅಲ್ಲವೆಂದು ಆಗ ಅನುಮಾನ ಬಂತು.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಮೊದಲು ಬೀಡಿಂಗಿನ ಮೇಲೆ ಗಾಜಿನ ಸುತ್ತ ಹೊಳೆಯುವ ಲೋಹದ ಪಟ್ಟಿಯನ್ನು ಬಿಡಿಸಿದರು. ಅದು ಎರಡು ಕಡೆ ಬಾಗಿತು. ಅತ್ತೆ ಅದನ್ನು ಜಗಲಿಗೆ ತೆಗೆದುಕೊಂಡು ಹೋಗಿ ಲಟ್ಟಣಿಗೆಯಿಂದ ನೇರ ಮಾಡಲು ಕೂತರು. ಆಮೇಲೆ ಹಳೆಯ ರಬ್ಬರನ್ನು ಚಾಕುವಿನಿಂದ ಕೊಯ್ದು ಗಾಜನ್ನು ಹೊರಗೆ ತೆಗೆದದ್ದಾಯಿತು. ಅದನ್ನು ನಮ್ಮ ಹಾಸಿಗೆಯ ಮೇಲೆ ಮಲಗಿಸಿದರು. ಅಂಥ ಗಾಜು ಊರಲ್ಲಿ ಇನ್ನೊಂದಿರಲಿಲ್ಲ, ಜೆ.ಸಿ. ರಸ್ತೆಯ ಅಂಗಡಿಗಳಲ್ಲೆಲ್ಲ ಕೇಳಿ ಬಂದಿದ್ದರು. ಸಾಲದ್ದಕ್ಕೆ ಅದರ ಒಂದು ಮೂಲೆಯಲ್ಲಿ ಉಗುರಿನಷ್ಟು ಚಕ್ಕೆ ಹಾರಿತ್ತು. "ಇಲ್ಲಿ ಸ್ವಲ್ಪ ಜೋರು ಬಿದ್ರೆ ಈ ತುದಿಯಿಂದ ಆ ತುದಿಗೆ ಬಿರುಕು ಬಿಡುತ್ತೆ. ಕಾರಿನ ಕಥೆ ಅಲ್ಲಿಗೆ ಮುಗೀತು" ಎಂದರು. ಅದು ಇವರು ನನಗೆ ಒಟ್ಟಿಗೆ ಹೇಳಿದ ಅತ್ಯಂತ ಉದ್ದದ ಮಾತು.

ಹೊಸ ಬೀಡಿಂಗ್ ಹಾಕುವ ರೀತಿ ಹೀಗೆ. ರಬ್ಬರನ್ನು ಗಾಜಿನ ಸುತ್ತ ತೊಡಿಸಬೇಕು. ಅದರ ಒಳ ಅಂಚಿನ ಸೀಳಿನಲ್ಲಿ ಸುತ್ತಲೂ ಒಂದು ದಾರ ಕೂರಿಸಿ, ಎರಡು ತುದಿಗಳನ್ನು ಕಾರಿನೊಳಗೆ ಇಳಿಬಿಡಬೇಕು. ಒಬ್ಬರು ಹೊರಗಿನಿಂದ ಗಾಜನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗೆ ಕೂತು ದಾರ ಎಳೆಯಬೇಕು. ದಾರ ಬಂದ ಹಾಗೆ ರಬ್ಬರಿನ ಅಂಚು ಕಬ್ಬಿಣದ ಚೌಕಟ್ಟನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತದೆ. ಇವರು ತಂದಿದ್ದ ಸೆಣಬಿನ ಹುರಿ ಮೊದಲ ಎಳೆತಕ್ಕೇ ತುಂಡಾಯಿತು. ನಾನು ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಲಂಗದ ಲಾಡಿಯ ಇಡೀ ಸುರುಳಿ ತಂದುಕೊಟ್ಟೆ. ರಸ್ತೆಗೆ ಕಾಣುವ ಅಂಗಳದಲ್ಲಿ ಮಗ ಲಂಗದ ಲಾಡಿ ಬಿಚ್ಚಿಕೊಂಡು ನಿಂತದ್ದನ್ನು ನೋಡಿ ಮಾವ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಜಾರಲಿ ಎಂದು ಇವರು ಇಂಜಿನ್ ಆಯಿಲ್ ಹಚ್ಚಲು ಹೊರಟಾಗ, ನಮ್ಮ ಬಳೆಗಾರ್ತಿ ಗಟ್ಟಿ ಕೈಗೆ ಬಳೆ ತೊಡಿಸುವಾಗ ಅಂಟುವಾಳದ ನೊರೆ ಹಚ್ಚುತ್ತಿದ್ದುದು ನನಗೆ ನೆನಪಾಯಿತು. ಅತ್ತೆ ರೇಷ್ಮೆ ಸೀರೆ ಒಗೆಯಲು ನೆನೆಹಾಕಿದ್ದ ಅಂಟುವಾಳವನ್ನೇ ಕೇಳಿ ತಂದೆ.

ಇವರು ಒಳಗೆ ಕೂತರು. ಬಾಗಿಲು ತೆರೆದಿದ್ದರೆ ಚೌಕಟ್ಟು ಅಲುಗುತ್ತದೆಂದು ಎರಡನ್ನೂ ಮುಚ್ಚಿಕೊಂಡರು. ನಾನು ಹೊರಗೆ ನಿಂತು ಎರಡು ಅಂಗೈಗಳಿಂದ ಗಾಜು ಒತ್ತಿದೆ. ನಡುವೆ ಒಂದು ಗೇಣು ದೂರ. ಹಗಲು ಬೆಳಕಿನಲ್ಲಿ, ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಈ ಮುಖವನ್ನು ನೋಡಿರಲಿಲ್ಲ. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಎಳೆಯುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ನಗು ಬಂತು, ತಡೆದುಕೊಂಡೆ. ಕೆಳಗಿನ ಅಂಚು ಕೂತಿತು, ಒಂದು ಪಕ್ಕ ಕೂತಿತು. ಆಗ ಕಣ್ಣು ಮೇಲಿನ ಮೂಲೆಗೆ ಹೋಯಿತು. ಹೊರಗಿನ ರಬ್ಬರು ಮಡಿಚಿಕೊಂಡು ಒಳಗೆ ಸಿಕ್ಕಿಕೊಂಡಿತ್ತು. ಚಕ್ಕೆ ಹಾರಿದ ಮೂಲೆ ಬರಿಯ ಕಬ್ಬಿಣದ ಮೇಲೆ ಕೂತಿತ್ತು. ಇವರಿಗೆ ಅದು ಒಳಗಿನಿಂದ ಕಾಣುವುದಿಲ್ಲ. ದಾರ ಬಿಗಿಯಾಗಿದೆಯೆಂದು ಕಾಲು ಊರಿಕೊಂಡು ಇನ್ನೂ ಜೋರಾಗಿ ಎಳೆಯಲು ಹೊರಟಿದ್ದರು.

"ರೀ" ಎಂದೆ. ಜಗಲಿಯಲ್ಲಿ ಮಾವನ ರೇಡಿಯೋ ಕ್ರಿಕೆಟ್ ಕಾಮೆಂಟರಿ ಕೂಗುತ್ತಿತ್ತು. "ರೀ, ಇಲ್ ನೋಡಿ" ಎಂದೆ. ಕೇಳಿಸಲಿಲ್ಲ. ತಟ್ಟೋಣವೆಂದರೆ ಕೈ ತೆಗೆದರೆ ಗಾಜು ಜಾರುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ಆಗ ಇರಲಿಲ್ಲ. ಮದುವೆಯ ದಿನ ಹೆಂಗಸರು ಬಿಡದೆ ಕಾಡಿದಾಗ ಒಂದು ಒಗಟಿನಲ್ಲಿ ಸೇರಿಸಿ ಹೇಳಿದ್ದೇ ಮೊದಲು, ಅದೇ ಕೊನೆ. ನಮ್ಮ ಅತ್ತೆಯಂತೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮಾವನ ಹೆಸರು ವೆಂಕಟೇಶಯ್ಯ. ಅತ್ತೆ ತಿರುಪತಿಯ ದೇವರನ್ನೂ "ಬೆಟ್ಟದವರು" ಎನ್ನುತ್ತಿದ್ದರು. ರೇಷನ್ ಕಾರ್ಡಿನ ಕಚೇರಿಯಲ್ಲಿ ಯಜಮಾನರ ಹೆಸರು ಕೇಳಿದಾಗ ಬೆಟ್ಟದವರ ಚಿತ್ರವಿದ್ದ ಗೋಡೆಯ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿ ಬಂದವರು.

ಅಂಥ ಅತ್ತೆ ಹತ್ತು ಮಾರು ದೂರದಲ್ಲಿ ಕೂತಿರುವಾಗ, ನಾನು ಇಡೀ ಬೀದಿಗೆ ಕೇಳುವಂತೆ ಇವರ ಹೆಸರು ಕೂಗಿದೆ. ಅದೂ ಏಕವಚನದಲ್ಲಿ, "ಎಳೀಬೇಡ, ನಿಲ್ಸು" ಎಂದು. ಬೇಕೆಂದು ಮಾಡಿದ್ದಲ್ಲ. ಆ ಹೆಸರನ್ನು ಮೂರು ತಿಂಗಳಿಂದ ನಾನು ಕೇಳಿದ್ದು ಅತ್ತೆಯ ಬಾಯಲ್ಲಿ ಮಾತ್ರ. ಅವರು ಕೂಗುತ್ತಿದ್ದ ಹಾಗೆಯೇ ಬಂದುಬಿಟ್ಟಿತು.

ಇವರ ಕೈ ನಿಂತಿತು. ಮಾವ ರೇಡಿಯೋ ಸಣ್ಣಗೆ ಮಾಡಿದರು. ಅತ್ತೆ ಲಟ್ಟಣಿಗೆ ಕೆಳಗಿಟ್ಟು ಅಂಗಳಕ್ಕೆ ಇಳಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ, ಕಣ್ಣಲ್ಲಿ ನೀರೂ ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅತ್ತೆ ನನ್ನನ್ನು ನೋಡಲಿಲ್ಲ, ಮೇಲಿನ ಮೂಲೆಯನ್ನು ನೋಡಿದರು.

"ಇನ್ನೊಂಚೂರು ಎಳೆದಿದ್ರೆ ಏನಾಗ್ತಿತ್ತೋ?" ಎಂದು ಮಗನನ್ನು ಕೇಳಿದರು.

"ಒಡೀತಿತ್ತಮ್ಮ."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಅಡುಗೆಯ ವಿಷಯ ಹೇಳುವ ದನಿಯಲ್ಲಿಯೇ ಹೇಳಿದರು. "ಈ ಮನೆ ಕಟ್ಟಿಸ್ತಿದ್ದಾಗ ನಿಮ್ಮ ಮಾವ ಏಣಿ ಹತ್ತಿದ್ರು. ಏಣಿ ಕಾಲು ಜಾರ್ತಾ ಇದ್ದಿದ್ದು ನಾನು ನೋಡ್ದೆ. ರೀ, ರೀ ಅಂದೆ. ಗಾರೆ ಕೆಲಸದೋರ ಗಲಾಟೆ, ಯಾರನ್ನೋ ಕರೀತಿದಾಳೆ ಅಂದ್ಕೊಂಡ್ರು. ಹೆಸರು ಕೂಗಿದ್ರೆ ತಿರುಗ್ತಿದ್ರು. ಬಾಯಿ ಬರಲಿಲ್ಲ."

ಮಾವ ಎಡಗಾಲು ಎಳೆದು ನಡೆಯುವುದನ್ನು ನಾನು ದಿನಾ ನೋಡುತ್ತಿದ್ದೆ, ಕಾರಣ ಕೇಳಿರಲಿಲ್ಲ. ಅವರಿಗೂ ಇದು ಹೊಸ ಸುದ್ದಿಯೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ನೀನ್ ನೋಡಿದ್ಯಾ?" ಎಂದರು.

"ನೋಡಿದ್ದೆ" ಎಂದರು ಅತ್ತೆ.

ಮಾವ ರೇಡಿಯೋ ಪೂರ್ತಿ ಆರಿಸಿ, ಕುಂಟುತ್ತಾ ಬಂದು, ಗಾಜಿನ ಒಂದು ಮೂಲೆಗೆ ತಮ್ಮ ಕೈಯಿಟ್ಟರು. ಅತ್ತೆ ಸಿಕ್ಕಿಕೊಂಡಿದ್ದ ರಬ್ಬರನ್ನು ತಲೆಯ ಕ್ಲಿಪ್ಪಿನಿಂದ ಮೆಲ್ಲಗೆ ಎತ್ತಿ ಹೊರಗೆ ತಂದು, ಅಂಟುವಾಳದ ನೊರೆ ಸವರಿ, ನನ್ನ ಕೈಯ ಪಕ್ಕ ತಮ್ಮ ಕೈ ಇಟ್ಟರು. "ಈಗ ಎಳಿಯೋ" ಎಂದರು. ಗಾಜು ಕೂತಿತು. ಲೋಹದ ಪಟ್ಟಿಯನ್ನು ಕೂರಿಸುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಬೀಡಿಂಗಿನ ಪರೀಕ್ಷೆಗೆ ಮಾವ ತಾವೇ ನಾಲ್ಕು ಬಿಂದಿಗೆ ನೀರು ಸುರಿದು, ಒಳಗೆ ಬೆರಳಿಟ್ಟು ನೋಡಿ, "ನೀವಿಬ್ರೇ ಹೋಗ್ಬನ್ನಿ. ನಮಗೆ ಅಷ್ಟು ದೂರ ಕೂರಕ್ಕಾಗಲ್ಲ" ಎಂದರು. ರೈಲಿನಲ್ಲಿ ಕೂರಲು ಆಗುತ್ತಿತ್ತಲ್ಲ ಎಂದು ಯಾರೂ ಕೇಳಲಿಲ್ಲ.

ನಾಲ್ಕು ಗಂಟೆಯ ದಾರಿಗೆ ಆರು ಗಂಟೆ ಹಿಡಿಯಿತು. ಎರಡು ಮೈಲಿಗೊಮ್ಮೆ ನಿಲ್ಲಿಸಿ ಇವರು ಬಾನೆಟ್ ಎತ್ತುತ್ತಿದ್ದರು, ನನಗೆ ಅದರಿಂದ ಸಂತೋಷವೇ. ಹುಬ್ಬಿನ ಗಾಯದ ಕಥೆ ಕೇಳಿದೆ, ಹಾಗಲಕಾಯಿ ಇಬ್ಬರಿಗೂ ಸೇರುವುದಿಲ್ಲವೆಂದು ಪತ್ತೆಯಾಯಿತು. ರಾಮನಗರ ದಾಟಿದ ಮೇಲೆ ಮಳೆ ಬಂತು. ಒಂದು ಹನಿಯೂ ಒಳಗೆ ಬರಲಿಲ್ಲ. ಆ ಮಳೆಯಲ್ಲಿ ಇವರು ರಸ್ತೆ ನೋಡುತ್ತಲೇ, "ಇನ್ನೊಂದ್ ಸಲ ಕರಿ" ಎಂದರು.

"ಏನಂತ?"

"ಅವತ್ತು ಕೂಗಿದ್ಯಲ್ಲ, ಹಾಗೆ."

"ಮುಂದೆ ನೋಡಿ ಓಡ್ಸಿ. ಲಾರಿ ಬರ್ತಿದೆ" ಎಂದೆ. ಮೈಸೂರಿನವರೆಗೂ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಅತ್ತೆ ಮಾವ ಈಗಿಲ್ಲ. ಕಾರನ್ನು ಎಂಬತ್ತರ ದಶಕದ ಕೊನೆಗೆ ಇಟ್ಟಮಡುವಿನ ಒಬ್ಬ ಆಸಕ್ತರಿಗೆ ಕೊಟ್ಟೆವು. ಇವರು ಹೆಸರು ಕರೆಯುವ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಕರೆಯಲಿಲ್ಲ. ಇಷ್ಟು ವರ್ಷ "ರೀ"ಯಲ್ಲೇ ಸಂಸಾರ ನಡೆಯಿತು. ಹೆಸರು ಹಿಡಿದು ಕೂಗಬೇಕಾದಂಥ ಆಪತ್ತು ಬರಲಿಲ್ಲ, ಅದೊಂದು ಪುಣ್ಯ ಎಂದುಕೊಳ್ಳುತ್ತಿದ್ದೆ. ಈಗ ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ನೆನೆಸಿಕೊಂಡಾಗ, ಆಪತ್ತು ಬರಲಿ ಎಂದು ಏಕೆ ಕಾಯಬೇಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡೆ.

"ಶ್ರೀಧರಾ" ಎಂದು ಕೂಗಿದೆ.

ಒಳಗೆ ಪತ್ರಿಕೆ ಕೆಳಗೆ ಬಿದ್ದ ಸದ್ದಾಯಿತು. ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಕನ್ನಡಕ ಹಣೆಗೇರಿಸಿಕೊಂಡು, ಯಾವುದನ್ನೋ ಹಿಡಿಯುವವರಂತೆ ಎರಡು ಕೈಗಳನ್ನೂ ಮುಂದೆ ಚಾಚಿಕೊಂಡು ಇವರು ಬಾಗಿಲಿಗೆ ಬಂದರು.

"ಏನ್ ಒಡೀತು?"

"ಏನೂ ಇಲ್ಲ. ಸುಮ್ನೆ ಕರೆದೆ."

ಇವರು ಚಾಚಿದ್ದ ಕೈಗಳನ್ನು ನಿಧಾನವಾಗಿ ಇಳಿಸಿದರು. "ಇನ್ನೊಂದ್ ಸಲ ಕರಿ" ಎಂದರು.

ಕರೆದೆ.