ಹಲ್ಲಿನ ಡಾಕ್ಟ್ರು ಕೇಳಿದ ಸಂಚಿಕೆ

ಕಳೆದ ವಾರ ಫಳ್ನೀರಿನ ಒಂದು ಕಟ್ಟಡದ ಲಿಫ್ಟಿನಲ್ಲಿ ಪಕ್ಕ ನಿಂತಿದ್ದ ಹುಡುಗಿಯ ಬಿಳಿ ಕೋಟಿನಿಂದ ಲವಂಗದೆಣ್ಣೆಯ ವಾಸನೆ ಬಂತು. ನಾನು ಎರಡನೆಯ ಮಹಡಿಯಲ್ಲಿ ಇಳಿಯಬೇಕಿತ್ತು. ಇಳಿಯಲು ಮರೆತು ಮೇಲಿನವರೆಗೂ ಹೋಗಿ ಮತ್ತೆ ಕೆಳಗೆ ಬಂದೆ. ಹೆಚ್ಚಿನವರಿಗೆ ಆ ವಾಸನೆಯೆಂದರೆ ಹಲ್ಲುನೋವು, ಸೂಜಿ, ಭಯ. ನನಗೆ ಮಾತ್ರ ಅದು ಭಾನುವಾರದ ಮಧ್ಯಾಹ್ನ, ಕ್ಲಿನಿಕ್ಕಿನ ಪ್ಲಾಸ್ಟಿಕ್ ಕುರ್ಚಿಗಳು, ದಾಳ ಉರುಳುವ ಸದ್ದು... ಮತ್ತು ನಮ್ಮ ಹಲ್ಲಿನ ಡಾಕ್ಟ್ರು.

ಆಗ ನಾನೊಂದು ಪತ್ರಿಕೆ ನಡೆಸುತ್ತಿದ್ದೆ. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಮಾಡಿಸುವ ಕೆಲಸ, ಉಳಿದ ಹೊತ್ತಿನಲ್ಲಿ ಸಂಪಾದಕ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬ ಯೋಧ, ಒಬ್ಬಳು ಮಾಟಗಾತಿ, ಒಬ್ಬ ಕಳ್ಳ ಎಂದು ಪಾತ್ರ ಹಂಚಿಕೊಂಡು, ಎಲ್ಲೂ ಇಲ್ಲದ ಕೋಟೆಗಳೊಳಗೆ ನುಗ್ಗುವ ಆಟದ ಪತ್ರಿಕೆ ಅದು. ಈ ಆಟದಲ್ಲಿ ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುತ್ತಾರೆ. ಗೆದ್ದೆವೋ ಸೋತೆವೋ ಎಂದು ಅನುಮಾನ ಬಂದಲ್ಲಿ ದಾಳ ಹಾಕುತ್ತಾರೆ. ಇದಕ್ಕೆ ಕನ್ನಡದಲ್ಲಿ ಒಂದು ಪತ್ರಿಕೆ ಬೇಕು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ‘ವೇಷ ಮತ್ತು ಆಟಗಳ ಪತ್ರಿಕೆ’ ಎಂದು ಹಾಕಿಸಿದ್ದೆ.

ನಮ್ಮ ಕರಾವಳಿಯ ಕಡೆ ‘ಆಟ’ ಎಂದರೆ ಯಕ್ಷಗಾನ. ಮಗುವಿಗೂ ಗೊತ್ತಿರುವ ಸಂಗತಿ. ಇದೇ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೇಗೆ ಹೊಳೆಯಲಿಲ್ಲವೋ ದೇವರೇ ಬಲ್ಲ. ಉರ್ವದ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿಟ್ಟ ಪ್ರತಿಗಳೆಲ್ಲ ಬೇಗ ಖಾಲಿಯಾದಾಗ ನಾನು ನೆಲದ ಮೇಲೇ ಇರಲಿಲ್ಲ. ಮರುದಿನ ಒಂದು ಫೋನ್ ಬಂತು. ತುಂಬು ಕಂಠದ ಹೆಂಗಸಿನ ದನಿ.

“ನಿಮ್ಮ ಪತ್ರಿಕೆ ತಗೊಂಡೆ ಮಾರಾಯ್ರೆ. ಆಟದ್ದು ಅಂತ ಬರ್ದಿದ್ದೀರಿ. ಇದ್ರಲ್ಲಿ ಒಂದು ಪದ್ಯ ಇಲ್ಲ, ಒಂದು ಮೇಳದ ಸುದ್ದಿ ಇಲ್ಲ. ಎಂತ ಇದು?”

ನಾನು ತಡವರಿಸುತ್ತ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

“ಅಂದ್ರೆ ಮಾತು ಮೊದ್ಲೇ ಬರ್ದು ಇಟ್ಟದ್ದಲ್ಲ? ಅಲ್ಲಲ್ಲೇ ಹುಟ್ಟಬೇಕಾ?”

“ಹೌದು.”

“ಹಾಗಾದ್ರೆ ಇದೂ ಆಟವೇ ಅಲ್ವಾ? ಭಾನುವಾರ ಬನ್ನಿ. ನನ್ನ ಕ್ಲಿನಿಕ್ ಖಾಲಿ ಉಂಟು.”

ಹೀಗೆ ಶುರುವಾಯಿತು. ನನ್ನ ಆಟದ ಗೆಳೆಯರೂ ಜೊತೆಗೆ ಬಂದರು. ಫಳ್ನೀರಿನ ಆ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆ ನಮ್ಮ ಕೋಟೆ, ಕಾಡು, ಕಡಲು ಎಲ್ಲ ಆಯಿತು. ಕತೆ ನಡೆಸುವ ಕೆಲಸ ಮೊದಲ ದಿನವೇ ಡಾಕ್ಟರ ಪಾಲಿಗೆ ಬಂತು. ಯಕ್ಷಗಾನದಲ್ಲಿ ಹಾಡುತ್ತಾ ಇಡೀ ಪ್ರಸಂಗವನ್ನು ನಡೆಸುವವರು ಭಾಗವತರಲ್ಲವೇ, ನಾವು ಅವರನ್ನು ಭಾಗವತರೆಂದೇ ಕರೆದೆವು. ನಾನು ನಿಘಂಟು ಹುಡುಕಿ ಕಟ್ಟಿದ್ದ ‘ಆಟದ ಒಡೆಯ’ ಎಂಬ ಪದ ಪತ್ರಿಕೆಯಿಂದ ಸದ್ದಿಲ್ಲದೆ ಮಾಯವಾಯಿತು. ಎಂಥ ಸ್ವರ ಅವರದು! ಮುದುಕ ಸನ್ಯಾಸಿ, ಹಟಮಾರಿ ರಾಣಿ, ಬೆಂಗ್ರೆಯ ದೋಣಿಯವನ ಹಾಗೆ ಬೈಯುವ ಯಕ್ಷ, ಎಲ್ಲರೂ ಆ ಒಂದೇ ಗಂಟಲಿನಿಂದ ಬರುತ್ತಿದ್ದರು. ರಾಕ್ಷಸರು ಬಾಯಿ ತೆರೆದಾಗ ಮಾತ್ರ ಹಲ್ಲುಗಳ ವರ್ಣನೆ ಸ್ವಲ್ಪ ಉದ್ದವಾಗುತ್ತಿತ್ತು. ಹುಳುಕು ದವಡೆಹಲ್ಲಿಗೆ ಗುರಿಯಿಟ್ಟು ಹೊಡೆದರೆ ರಾಕ್ಷಸ ಬೇಗ ಸಾಯುತ್ತಾನೆಂದು ನಾವೂ ಕಲಿತೆವು.

ಎರಡು ವರ್ಷ ಕಳೆದ ಮೇಲೆ ಪತ್ರಿಕೆ ಸೊರಗತೊಡಗಿತು. ‘ನಿಮಗೆ ಏನು ಬೇಕು? ಬರೆಯಿರಿ’ ಎಂದು ಓದುಗರನ್ನು ಕೇಳಿದೆ. ಬರೆದರು, ಧಾರಾಳವಾಗಿ ಬರೆದರು. ಒಬ್ಬರಿಗೆ ಹೊಸ ರಾಕ್ಷಸರು ಬೇಕು. ಇನ್ನೊಬ್ಬರಿಗೆ ರಾಕ್ಷಸರು ಸಾಕು, ಬಣ್ಣದ ನಕ್ಷೆ ಬೇಕು. ನಿಯಮಗಳು ಹೆಚ್ಚಾದವು ಎಂದು ಒಬ್ಬರ ಸಿಟ್ಟು, ಸಾಲವು ಎಂದು ಇನ್ನೊಬ್ಬರದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಬ್ಬ ಪುಣ್ಯಾತ್ಮನಂತೂ ‘ಎಲ್ಲ ಚೆನ್ನಾಗಿದೆ, ನಮ್ಮೂರಿನಲ್ಲಿ ಜೊತೆಗೆ ಆಡಲು ಜನ ಇಲ್ಲ, ಮುಂದಿನ ಸಂಚಿಕೆಯೊಂದಿಗೆ ಕಳಿಸಿ’ ಎಂದು ಬರೆದಿದ್ದ. ನಮ್ಮ ಡಾಕ್ಟ್ರು ಮಾತ್ರ ಏನೂ ಕೇಳಲಿಲ್ಲ. ಅವರಿಗೇನು ಬೇಕು, ಅವರೇ ಭಾಗವತರು ಎಂದು ನಾನೂ ಸುಮ್ಮನಿದ್ದೆ.

ಆ ಮಳೆಗಾಲದಲ್ಲಿ ಅವರ ಸ್ವರ ಒಡೆಯಿತು. ಶೀತ ಎಂದರು, ರೋಗಿಗಳೊಡನೆ ಮಾತು ಹೆಚ್ಚಾಯಿತು ಎಂದರು. ಕೊನೆಗೆ ಗಂಟಲಿನಲ್ಲೊಂದು ಗಂಟು ಸಿಕ್ಕಿತು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಮಾತ್ರವಲ್ಲ, ಆಮೇಲೂ ಕೆಲವು ವಾರ ತುಟಿ ಬಿಚ್ಚಕೂಡದು ಎಂದು ಅಪ್ಪಣೆಯಾಯಿತು. ಅದು ಎಂಥ ಗಂಟೋ ಎಂಬ ಭಯ ನಮಗೆಲ್ಲ ಇತ್ತು. ಭಾನುವಾರ ಅವರನ್ನು ನೋಡಲು ಹೋದವರು ಕುರ್ಚಿಗಳಲ್ಲಿ ಸಾಲಾಗಿ ಕೂತು, ಹಲ್ಲು ಕೀಳಿಸಲು ಬಂದವರಂತೆ ಗೋಡೆ ನೋಡುತ್ತಿದ್ದೆವು.

ಅವರು ಮೊಬೈಲಿನಲ್ಲಿ ಏನೋ ಬರೆದು ನನ್ನ ಮುಂದೆ ಹಿಡಿದರು. ‘ಓದುಗರಿಗೆ ಎಂತ ಬೇಕು ಅಂತ ಕೇಳಿದ್ರಲ್ಲ. ಈಗ ನನ್ನದು ಕೇಳಿ. ಧೈರ್ಯ ಇಲ್ಲದವರೂ ಭಾಗವತಿಕೆ ಮಾಡ್ಲಿಕ್ಕೆ ಆಗುವಂಥ ಒಂದು ಕತೆ ಬೇಕು.’ ನಾನು ಓದಿ ತಲೆಯೆತ್ತುವಷ್ಟರಲ್ಲಿ ಇನ್ನೊಂದು ಸಾಲು ಬಂದಿತ್ತು. ‘ನನಗೂ ಒಮ್ಮೆ ವೇಷ ಹಾಕ್ಬೇಕು ಮಾರಾಯ.’

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಎರಡು ವರ್ಷ ನಾವು ರಾಜರಾಗಿದ್ದೆವು, ಮಂತ್ರವಾದಿಗಳಾಗಿದ್ದೆವು, ಸತ್ತು ಮತ್ತೆ ಹುಟ್ಟಿದ್ದೆವು. ಅವರಿಗೆ ತಮ್ಮದೆಂದು ಒಂದೇ ಒಂದು ಪಾತ್ರವೂ ಇರಲಿಲ್ಲ. ಈಗ ಸ್ವರವೇ ಉಳಿಯುತ್ತದೋ ಇಲ್ಲವೋ ಎನ್ನುವಾಗ ಕೇಳಿದ್ದರು.

ಯಾರು ನಡೆಸುವುದು ಎಂದು ಕೇಳಿದೆ. ಅವರು ಬೆರಳು ತೋರಿಸಿದ್ದು ರಿಯಾಜನ ಕಡೆಗೆ. ಬಂದರಿನಲ್ಲಿ ಅವನ ಮನೆಯವರದ್ದು ಒಣಮೀನಿನ ವ್ಯಾಪಾರ. ಗಿರಾಕಿಗಳೊಡನೆ ನಾಲ್ಕು ಭಾಷೆಯಲ್ಲಿ ಜಗಳವಾಡುವವನು, ನಮ್ಮ ಮೇಜಿನಲ್ಲಿ ಮಾತ್ರ ದಾಳ ಹಾಕಿ ಸುಮ್ಮನೆ ಕೂರುತ್ತಿದ್ದ.

“ನನ್ನಿಂದ ಆಗ್ಲಿಕ್ಕಿಲ್ಲ ಡಾಕ್ಟ್ರೇ. ನನ್ನ ಕನ್ನಡ ನಿಮಗೆ ಗೊತ್ತುಂಟಲ್ಲ,” ಎಂದ. ಅವರು ನಗುತ್ತಾ ಕೈಮುಗಿದರು. ಅಷ್ಟಾದ ಮೇಲೆ ಅವನಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಹೊಸ ರಾಕ್ಷಸರನ್ನೂ ಬಣ್ಣದ ನಕ್ಷೆಯನ್ನೂ ಪಕ್ಕಕ್ಕಿಟ್ಟು ಇಡೀ ಸಂಚಿಕೆಯನ್ನು ಆ ಒಂದು ಕತೆಗೆ ಕೊಟ್ಟೆ. ಗಟ್ಟಿಯಾಗಿ ಓದಿದರೆ ಸಾಕು, ಕತೆ ತಾನೇ ನಡೆಯಬೇಕು. ಮೊದಲ ಕರಡನ್ನು ರಿಯಾಜ್ ಡಾಕ್ಟರೆದುರು ಓದಲು ಹೊರಟು ‘ಗಾಢಾಂಧಕಾರ’ದಲ್ಲಿ ಎಡವಿ ಬಿದ್ದ. ಡಾಕ್ಟ್ರು ಪೆನ್ನು ಕಿತ್ತುಕೊಂಡು ಅದನ್ನು ಹೊಡೆದುಹಾಕಿ ‘ಒಳಗೆ ಕತ್ತಲೆ ಉಂಟು’ ಎಂದು ಬರೆದರು. ಹಾಗೆಯೇ ನನ್ನ ಅರ್ಧ ಪಾಂಡಿತ್ಯ ಹೋಯಿತು. ಕತೆಯ ಕೋಟೆಯ ಪ್ರತಿ ಕೋಣೆಯಲ್ಲೂ ಏನಿದೆಯೆಂದು ನಾನು ಬರೆದಿದ್ದೆ. ಕೊನೆಯ ಕೋಣೆಯದ್ದನ್ನು ಪೂರ್ತಿ ಅಳಿಸಿ ‘ಇಲ್ಲಿ ಎಂತ ಉಂಟು ಅಂತ ನೀವೇ ಹೇಳಿ’ ಎಂದು ಸೇರಿಸಿದರು. ಆ ಖಾಲಿ ಕೋಣೆಯ ಬಗ್ಗೆ ಬಂದಷ್ಟು ಪತ್ರಗಳು ನನಗೆ ಇನ್ಯಾವುದಕ್ಕೂ ಬರಲಿಲ್ಲ.

ವರದಿ ಬಂದದ್ದು ಸಂಚಿಕೆ ಅಚ್ಚಿಗೆ ಹೋದ ವಾರ. ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಅವರು ಹೆಬ್ಬೆರಳೆತ್ತಿ ತೋರಿಸಿದರು. ಕೆಟ್ಟ ಗಂಟಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ರಿಯಾಜ್ ಯಾರನ್ನೂ ಕೇಳದೆ ಓಡಿಹೋಗಿ ಎಲ್ಲರಿಗೂ ಐಸ್‌ಕ್ರೀಮ್ ತಂದ. ಡಾಕ್ಟ್ರಿಗಂತೂ ಎರಡು. ಹಲ್ಲಿನ ಡಾಕ್ಟ್ರು ಎರಡು ಐಸ್‌ಕ್ರೀಮ್ ತಿಂದದ್ದನ್ನು ರೋಗಿಗಳಿಗೆ ಹೇಳಬಾರದೆಂದು ಸನ್ನೆ ಮಾಡಿದರು.

ಹಳೆಯ ಸ್ವರ ಮಾತ್ರ ಮರಳಲಿಲ್ಲ. ಮಾತಾಡಲು ಅಪ್ಪಣೆ ಸಿಕ್ಕ ಮೇಲೆ ಹೊರಬಂದದ್ದು ಒಂದು ಸಣ್ಣ, ಒರಟು ಪಿಸುದನಿ. ಅದು ಹಾಗೆಯೇ ಉಳಿಯಿತು. ಅಪ್ಪಣೆ ಸಿಕ್ಕ ನಂತರದ ಮೊದಲ ಭಾನುವಾರ ರಿಯಾಜ್ ಬೆವರುತ್ತಾ ಪತ್ರಿಕೆ ಬಿಡಿಸಿ, “ಡಾಕ್ಟ್ರೇ, ನಿಮ್ಮ ವೇಷ ಯಾವುದು?” ಎಂದು ಕೇಳಿದ. ರಾಣಿ ಎನ್ನುತ್ತಾರೆಂದು ನಾನು ಕಾದಿದ್ದೆ.

“ಕಳ್ಳಿ,” ಎಂದರು. “ಕಳ್ಳಿಗೆ ಇಷ್ಟು ಸ್ವರ ಸಾಕಲ್ವಾ?”

ನಾವು ನಕ್ಕೆವು, ನಗುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಅಂಥ ಕಳ್ಳಿಯನ್ನು ನಾನು ಮತ್ತೆ ಕಂಡಿಲ್ಲ. ಅವರ ಮಾತು ಕೇಳಬೇಕೆಂದರೆ ಎಲ್ಲರೂ ಮುಂದೆ ಬಾಗಬೇಕಿತ್ತು, ಉಸಿರು ಬಿಗಿಹಿಡಿಯಬೇಕಿತ್ತು. ಯಾವ ಬೀಗವೂ ಅವರ ಮುಂದೆ ನಿಲ್ಲಲಿಲ್ಲ. ಎಷ್ಟೋ ವರ್ಷ ಹಾಗೆ ಆಡಿದರು, ರಿಯಾಜ್ ಪುಸ್ತಕ ನೋಡದೆ ಕತೆ ಹೇಳುವಷ್ಟು ವರ್ಷ.

ಪತ್ರಿಕೆ ನಿಂತಿತು. ಅದಕ್ಕೆ ನನಗೆ ಅಂಥ ದುಃಖವಿಲ್ಲ. ಕಳೆದ ವರ್ಷ ಡಾಕ್ಟ್ರೂ ಹೋದರು. ಕಾಯಿಲೆಯಲ್ಲಿ ನರಳಲಿಲ್ಲ, ಒಂದು ಬೆಳಿಗ್ಗೆ ಏಳಲಿಲ್ಲ, ಅಷ್ಟೇ... ಅವರಿಲ್ಲದ ನೋವು ಇದ್ದೇ ಇದೆ. ಆದರೂ ಅವರು ಒಮ್ಮೆ ಕೇಳಿದ್ದನ್ನು ಕೊಡಲಾಯಿತಲ್ಲ ಎಂದು ನೆನೆದಾಗಲೆಲ್ಲ ಮನಸ್ಸು ಹಗುರವಾಗುತ್ತದೆ.

ಭಾನುವಾರಗಳಲ್ಲಿ ಈಗ ರಿಯಾಜನ ಮನೆಯಲ್ಲಿ ಸೇರುತ್ತೇವೆ. ಬೇರೆ ಕಳ್ಳರನ್ನು ನಾವು ಸೇರಿಸಿಕೊಂಡಿಲ್ಲ. ಮೊನ್ನೆಯೂ ಕೋಟೆಯೊಳಗೆ ಒಂದು ಬೀಗ ಹಾಕಿದ ಬಾಗಿಲು ಎದುರಾಯಿತು. ಯಾರೂ ದಾಳ ಮುಟ್ಟಲಿಲ್ಲ. ರಿಯಾಜ್ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ಹೇಳಿದ:

“ಬಾಗಿಲು ತೆರ್ದೇ ಉಂಟು. ಯಾರೋ ನಮಗಿಂತ ಮೊದ್ಲೇ ಒಳಗೆ ಹೋಗಿದ್ದಾರೆ.”